ಪಂಪಿಗೆ ನೀರು ಹಾಕುವ ಕೆಲಸ

ನಮ್ಮ ಲಾರಿಯ ಎಂಜಿನ್ನಿಗೆ ಟ್ಯಾಂಕಿನಿಂದ ಪೆಟ್ರೋಲು ಎಳೆದುಕೊಡುವ ಒಂದು ಸಣ್ಣ ಪಂಪು ಇತ್ತು. ತೆಂಗಿನ ಚಿಪ್ಪಿನಷ್ಟು ದೊಡ್ಡದು. ಎಂಜಿನ್ನಿನ ಎಡಮಗ್ಗುಲಿಗೆ, ಹೊಗೆ ಹೋಗುವ ಕೊಳವೆಯ ಪಕ್ಕದಲ್ಲೇ ಅದನ್ನು ಕೂಡಿಸಿದ್ದರು. ಆ ಕಾಲದಲ್ಲಿ ಲಾರಿ ಮಾಡಿದವರು ನಮ್ಮ ಕಡೆಯ ಬಿಸಿಲನ್ನು ನೋಡಿರಲಿಕ್ಕಿಲ್ಲ. ಶಿವರಾತ್ರಿ ಕಳೆಯಿತೆಂದರೆ ಆ ಪಂಪು ಕಾದು, ಒಳಗಿನ ಪೆಟ್ರೋಲು ಆವಿಯಾಗಿ, ಎಂಜಿನ್ನು ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಅದಕ್ಕೆ ಗೊತ್ತಿದ್ದ ಮದ್ದು ಒಂದೇ. ಪಂಪಿಗೆ ಹಳೆಯ ಧೋತರದ ತುಂಡು ಸುತ್ತಿ ಆಗಾಗ ನೀರು ಹಾಕುತ್ತಿರಬೇಕು. ಇಪ್ಪತ್ತೊಂಬತ್ತು ವರ್ಷ ಆ ನೀರು ಹಾಕುವ ಕೆಲಸ ನನ್ನದಾಗಿತ್ತು.

ಕುಷ್ಟಗಿಯಲ್ಲಿ ನಮ್ಮದು ಪಾತ್ರೆ ಮತ್ತು ಪೆಂಡಾಲು ಬಾಡಿಗೆಗೆ ಕೊಡುವ ಅಂಗಡಿ. ಹಂಡೆ, ಬೋಗುಣಿ, ಪರಾತ, ಕುರ್ಚಿ, ಜಮಖಾನೆ, ಕಂಬ, ಎಲ್ಲವನ್ನೂ ಲಾರಿಗೆ ಹೇರಿಕೊಂಡು ಸುತ್ತಲಿನ ಊರುಗಳ ಮದುವೆ ಮನೆಗಳಿಗೆ ಮುಟ್ಟಿಸುವುದು, ಮುಗಿದ ಮೇಲೆ ತರುವುದು. ಅಂಗಡಿ ನನ್ನ ಮಾವ ಮಾಡಿದ್ದು, ಲಾರಿಯೂ ಅವರದೇ. ಮಿಲಿಟರಿಯವರು ಹರಾಜು ಹಾಕಿದಾಗ ತಂದದ್ದಂತೆ. ಮುಂದೆ ಉದ್ದನೆಯ ಮೂತಿ ಇದ್ದದ್ದರಿಂದ ಊರಿನವರು ಅದನ್ನು ಹಂದಿ ಲಾರಿ ಎನ್ನುತ್ತಿದ್ದರು. ನನ್ನ ಯಜಮಾನರಿಗೆ ಆ ಹೆಸರು ಸೇರುತ್ತಿರಲಿಲ್ಲ. ಇದನ್ನು ಗುಜರಿಗೆ ಹಾಕಿ ಒಂದು ಟೆಂಪೋ ತಗೊಳ್ಳಿ ಎಂದು ಯಾರಾದರೂ ಬುದ್ಧಿ ಹೇಳಿದರೆ ಒಂದೇ ಮಾತು ಅನ್ನುತ್ತಿದ್ದರು. "ಇದು ಕೆಟ್ರ ಸುತ್ತಿಗಿಲೆ ರಿಪೇರಿ ಆಗತೈತಿ. ನಿಮ್ಮ ಟೆಂಪೋ ಕೆಟ್ರ ಕಂಪ್ಯೂಟರ್ ತರಬೇಕು."

ಮದುವೆಗಳೆಲ್ಲ ನಮ್ಮಲ್ಲಿ ಬೇಸಿಗೆಗೇ ಬರುತ್ತವೆ. ಹಾಗಾಗಿ ಲಾರಿಗೆ ಕೆಲಸವಿರುವುದೂ ಅದು ಕೈಕೊಡುವುದೂ ಒಂದೇ ಕಾಲಕ್ಕೆ. ಬಿಸಿಯಲ್ಲಿ ಎಂಜಿನ್ನು ಆರಿಸಿದರೆ ಮತ್ತೆ ಚಾಲೂ ಆಗುತ್ತಿರಲಿಲ್ಲ. ಒಬ್ಬರು ಮೇಲೆ ಕುಳಿತು ಆಕ್ಸಿಲರೇಟರ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಇಳಿದು ಬಾನೆಟ್ಟಿನ ಮಗ್ಗುಲ ತಗಡು ತೆಗೆದು ಅರಿವೆ ತೋಯಿಸಬೇಕು. ನೀರು ಹೆಚ್ಚಾದರೆ ಸಿಡಿದು ಪ್ಲಗ್ಗಿನ ವೈರುಗಳಿಗೆ ತಾಗಿ ಎಂಜಿನ್ನು ಬಂದ್ ಬೀಳುತ್ತಿತ್ತು. ಕಡಿಮೆಯಾದರೆ ಅರ್ಧ ಏರಿನಲ್ಲಿ ನಿಲ್ಲುತ್ತಿತ್ತು. ಎಷ್ಟು ಸಾಕು ಎನ್ನುವುದನ್ನು ಎಂಜಿನ್ನಿನ ಸದ್ದು ಕೇಳಿ ತಿಳಿಯಬೇಕು. ಮೊದಮೊದಲು ಏರಿನ ಬುಡಕ್ಕೆ ಬಂದಾಗ ಯಜಮಾನರು "ಹಾಕು" ಎನ್ನುತ್ತಿದ್ದರು. ಆಮೇಲಾಮೇಲೆ ಸ್ಟೇರಿಂಗಿನ ಮೇಲಿನ ಒಂದು ಬೆರಳು ಎತ್ತಿದರೆ ಸಾಕಾಗಿತ್ತು. ಕೊನೆಯ ವರ್ಷಗಳಲ್ಲಿ ಅದೂ ಇರಲಿಲ್ಲ. ಅವರು ನಿಲ್ಲಿಸುವುದಕ್ಕೂ ನಾನು ಬಾಗಿಲು ತೆಗೆಯುವುದಕ್ಕೂ ಸರಿಹೋಗುತ್ತಿತ್ತು.

ಇದನ್ನು ದೊಡ್ಡ ಸುಖವೆಂದು ನಾನು ಎಂದೂ ಎಣಿಸಿರಲಿಲ್ಲ. ನಿಜ ಹೇಳಬೇಕೆಂದರೆ ಸಾಕಾಗಿ ಹೋಗಿತ್ತು. ಮುಂಗೈಯ ಮೇಲೆ ಸುಟ್ಟ ಕಲೆಗಳು, ಸೀರೆಗೆ ಪೆಟ್ರೋಲಿನ ವಾಸನೆ, ಸಂಜೆಗೆ ಸೊಂಟ ನೋವು. ಯಾವಾಗ ಈ ಲಾರಿ ತೀರುತ್ತದೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ತೀರಿದ್ದು ಲಾರಿಯಲ್ಲ.

ಹೋದ ವರ್ಷ ಎಳ್ಳಮಾಸೆ ಮುಗಿದ ವಾರದಲ್ಲಿ, ಬೆಳಿಗ್ಗೆ ಚಹಾ ಕುಡಿಯುತ್ತಿದ್ದವರು ಎದೆ ಹಿಡಿದುಕೊಂಡರು. ಪಕ್ಕದ ಮನೆಯವರ ಕಾರಿನಲ್ಲಿ ಕೊಪ್ಪಳದ ದವಾಖಾನೆಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಕಾರು ಸದ್ದಿಲ್ಲದೆ ಓಡುತ್ತಿತ್ತು, ಏರು ಬಂದದ್ದೂ ತಿಳಿಯಲಿಲ್ಲ. ಇಳಿದು ಏನಾದರೂ ಮಾಡಬೇಕು ಎಂದು ಕೈಗೆ ಅನ್ನಿಸುತ್ತಿತ್ತು, ಆದರೆ ಮಾಡುವಂಥದ್ದು ಏನೂ ಇರಲಿಲ್ಲ. ದವಾಖಾನೆ ಮುಟ್ಟುವ ಮುಂಚೆಯೇ ಅವರು ಹೋದರು. ಅದರ ಬಗ್ಗೆ ಇನ್ನೇನು ಬರೆಯಬೇಕೋ ನನಗೆ ತಿಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಮದುವೆ ಮನೆಗೆ ಲಾರಿ ಹೊರಡುವ ಮುಂಚೆ, ಮೊದಲು ಏರಿಸಿದ ದೊಡ್ಡ ಹಂಡೆಗೆ ಮನೆಯ ಮುತ್ತೈದೆ ಅರಿಷಿಣ ಕುಂಕುಮ ಹಚ್ಚಬೇಕು. ಆ ಕೆಲಸ ಅಲ್ಲಿಯವರೆಗೆ ನನ್ನದಾಗಿತ್ತು. ಅವರು ಹೋದ ಮೇಲೆ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಹಚ್ಚತೊಡಗಿದಳು. ಲಾರಿ ನಡೆಸುವುದು ಮೈದುನನ ಪಾಲಿಗೆ ಬಂತು. ಗಂಡ ಸತ್ತವಳು ಮದುವೆ ಸಾಮಾನಿನ ಮುಂದೆ ಕುಳಿತು ಹೋಗುವುದು ಯಾರಿಗೂ ಹಿಡಿಸುವ ಮಾತಲ್ಲ. ನಾನು ಮನೆಯಲ್ಲಿ ಉಳಿದೆ.

ಹಂಗಾಮಿನ ಮೊದಲ ಬಾಡಿಗೆಗೆ ಮೈದುನ ಒಬ್ಬ ಕೆಲಸದವನನ್ನು ಕರೆದುಕೊಂಡು ಹೋದ. ಆ ಮನುಷ್ಯ ಒಂದು ಕೊಡ ನೀರನ್ನು ಎಂಜಿನ್ನಿನ ಮೇಲೆಯೇ ಸುರಿದುಬಿಟ್ಟನಂತೆ. ಮೂರು ಕಡೆ ನಿಂತು, ಕೊನೆಗೆ ಒಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಮದುವೆ ಮನೆ ಸೇರಿದರು. ಮರುದಿನ ಅತ್ತೆ ನನ್ನನ್ನು ಪಡಸಾಲೆಗೆ ಕರೆದರು. ಎಂಬತ್ತು ದಾಟಿದ ಜೀವ ಅದು. ತಾವೂ ಇಪ್ಪತ್ತು ವರ್ಷದಿಂದ ಬರಿಹಣೆಯಲ್ಲಿ ಇರುವವರು. ನನ್ನ ಮುಖ ನೋಡದೆ, ಬತ್ತಿ ಹೊಸೆಯುತ್ತಲೇ ಹೇಳಿದರು.

"ಪಂಪಿನ ಸಲುವಾಗಿ ಹೋಗು. ಲಗ್ನದ ಮನಿ ಮುಂದ ಇಳೀಬ್ಯಾಡ."

ಅದು ಅಪ್ಪಣೆಯೂ ಹೌದು, ಅಡ್ಡಗಟ್ಟುವುದೂ ಹೌದು. ನಾನು ಹೋಗತೊಡಗಿದೆ. ದಾರಿಯಲ್ಲಿ ಇಳಿದು ನೀರು ಹಾಕುವುದು, ಮದುವೆ ಮನೆ ಬಂದಾಗ ಕ್ಯಾಬಿನ್ನಿನಲ್ಲಿ ಸೆರಗು ಹೊದ್ದು ಕೂಡುವುದು. ಒಳಗೆ ಓಲಗ ನುಡಿಯುತ್ತಿರುತ್ತಿತ್ತು. ಗಾಜಿನಾಚೆ ಹೆಂಗಸರು ಓಡಾಡುತ್ತಿರುತ್ತಿದ್ದರು. ಕುಳಿತಲ್ಲೇ ಬೆವರಿ ಬೆವರಿ ದಣಿವಾಗುತ್ತಿತ್ತು. ಆದರೂ ಮನೆಯ ದಣಿವಿಗಿಂತ ಅದು ಮೇಲಾಗಿತ್ತು. ಮನೆಯಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗಿನ ಹೊತ್ತು ಸರಿಯುತ್ತಲೇ ಇರಲಿಲ್ಲ. ಕಾರಟಗಿಗೆ ಕೊಟ್ಟ ಮಗಳು ಬಂದಿರು ಬಂದಿರು ಎಂದು ಕರೆಯುತ್ತಿದ್ದಳು. ಅಲ್ಲಿ ಹೋಗಿ ನಾನು ಯಾವ ಕೆಲಸ ಮಾಡಲಿ?

ನನ್ನನ್ನು ಮನೆಯಿಂದ ಹೊರಗೆ ಒಯ್ಯುತ್ತಿದ್ದದ್ದು ಆ ಪಂಪಿನ ದೋಷ ಒಂದೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಈ ವರ್ಷ ಹಂಗಾಮು ಶುರುವಾಗುವ ಮುಂಚೆ ಮೈದುನ ಒಂದು ಸುದ್ದಿ ತಂದ. ಗಂಗಾವತಿಯಲ್ಲಿ ಹಳೆಯ ಗಾಡಿಗಳ ಮಿಸ್ತ್ರಿ ಒಬ್ಬರಿದ್ದಾರೆ, ಹಳೆ ಪಂಪು ತೆಗೆದು ಬ್ಯಾಟರಿಯ ಮೇಲೆ ನಡೆಯುವ ಪಂಪು ಕೂಡಿಸಿಕೊಡುತ್ತಾರೆ, ಆಮೇಲೆ ನೀರಿನ ರಗಳೆಯೇ ಇಲ್ಲ ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. "ಭಾಳ ದಿನ ಆತು ವೈನಿ, ಸಾಕು. ಇನ್ನ ನೀವು ಬಿಸಲಾಗ ಬರೂದು ಬ್ಯಾಡ," ಎಂದ. ನನ್ನ ಮುಂಗೈ ಕಡೆ ನೋಡಿ ಅಂದ ಮಾತು ಅದು. ನಾನು ಆಗಲಿ ಎಂದೆ. ಇನ್ನೇನು ಅನ್ನುವುದಕ್ಕೆ ಬರುತ್ತದೆ?

ಗಂಗಾವತಿಗೆ ಹೋಗಲು ದಾರಿಯಲ್ಲಿ ನೀರು ಹಾಕುವವರು ಬೇಕಲ್ಲ, ಹಾಗಾಗಿ ನಾನೂ ಹೋದೆ. ತಾವರಗೇರಾ ದಾಟುವ ತನಕ ನಮ್ಮ ಕಡೆಯ ಬಯಲು, ತೊಗರಿ ಕಟಾವಾದ ಬೋಳು ಹೊಲಗಳು. ಮುಂದೆ ಹೋದಂತೆ ಕಾಲುವೆ ಬರುತ್ತದೆ, ಗದ್ದೆ ಬರುತ್ತದೆ, ಗಾಳಿಗೆ ತಂಪು ಬರುತ್ತದೆ. ಏಳು ಸಲ ಇಳಿದೆ ಆ ದಿನ. ಪ್ರತಿ ಸಲವೂ ಇನ್ನೆಷ್ಟು ಸಲ ಉಳಿದಿದೆ ಎಂದು ಲೆಕ್ಕ ಹಾಕುತ್ತಿದ್ದೆ.

ಮಿಸ್ತ್ರಿಯವರ ಶೆಡ್ಡು ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿತ್ತು. ಮುಂದೆ ಭತ್ತದ ಹೊಟ್ಟಿನ ರಾಶಿ. ಅವರು ಎಪ್ಪತ್ತರ ಹತ್ತಿರದ ಸಾಬರು, ಬಿಳಿ ಗಡ್ಡ, ಎರಡು ಕಣ್ಣಿಗೂ ಆಪರೇಷನ್ ಆಗಿತ್ತು. ಲಾರಿ ನೋಡಿದವರೇ ಅದರ ಮೂತಿಯ ಮೇಲೆ ಕೈಯಾಡಿಸಿದರು. ಇಷ್ಟು ವರ್ಷ ಇದನ್ನು ಓಡಿಸಿದವರು ಎಲ್ಲಿ ಎಂದು ಕೇಳಿದರು. ಮೈದುನ ಹೇಳಿದ. ಅವರು ನನಗೆ ಒಂದು ಸ್ಟೂಲು ತಂದು ಹಾಕಿದರು.

ಪಂಪು ಹಳೆಯದೊಂದು ಕಾರಿನದು, ಒಂದು ಹಿಡಿ ಗಾತ್ರ. ಹೊಸ ಗಾಡಿಗಳ ಪಂಪಿಗೆ ಒತ್ತಡ ಹೆಚ್ಚು, ಅದನ್ನು ಹಾಕಿದರೆ ಈ ಕಾರ್ಬುರೇಟರ್ ತುಂಬಿ ಚೆಲ್ಲುತ್ತದೆ, ಅದಕ್ಕೇ ಹುಡುಕಿ ತಂದಿದ್ದೇನೆ ಎಂದರು. ಈಗಿನ ಪೆಟ್ರೋಲಿನ ಬಗ್ಗೆಯೂ ಬಯ್ದರು. ಅದರಲ್ಲಿ ಎಥನಾಲ್ ಕೂಡಿಸುತ್ತಾರೆ, ಹಳೆಯ ರಬ್ಬರನ್ನು ಅದು ತಿನ್ನುತ್ತದೆ, ಅದಕ್ಕೇ ಪೈಪೂ ಹೊಸದು ಹಾಕಬೇಕು ಎಂದರು. ಬ್ಯಾಟರಿಗೆ ತಂತಿ ಮುಟ್ಟಿಸಿ ತೋರಿಸಿದರು. ಪಂಪು ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್ ಎಂದಿತು. "ಹಳೇದು ಜಗ್ಗತಿತ್ತು. ಇದು ದಬ್ಬತೈತಿ. ಅಷ್ಟ ಫರಕು," ಎಂದರು.

ಹಳೆಯ ಪಂಪನ್ನು ಬಿಚ್ಚಿ ಅದು ಇದ್ದ ಜಾಗಕ್ಕೆ ತಗಡು ಕತ್ತರಿಸಿ ಮುಚ್ಚಿದರು. ಹೊಸದನ್ನು ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವೆ ಇರುವ ಕಬ್ಬಿಣದ ಗೋಡೆಗೆ, ಮೇಲ್ಭಾಗದಲ್ಲಿ, ಬೋಲ್ಟು ಹಾಕಿ ಬಿಗಿದರು.

ನಾನು ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದೆ. ಆ ಗೋಡೆ ನನಗೆ ಗೊತ್ತಿತ್ತು. ಇಳಿದಾಗಲೆಲ್ಲ ಆಯ ತಪ್ಪಿ ಅದಕ್ಕೆ ಕೈ ಊರಿ ಸುಟ್ಟುಕೊಂಡವಳು ನಾನು. ಮಧ್ಯಾಹ್ನದ ಏರಿನಲ್ಲಿ ಅದು ರೊಟ್ಟಿ ಹಂಚಿನಂತೆ ಕಾಯುತ್ತದೆ. ದಬ್ಬುವ ಪಂಪು ಎಂದು ಅವರೇ ಹೇಳಿದರಲ್ಲ, ಹೂತ ಬಂಡಿಯನ್ನು ದಬ್ಬುವವರು ಹಿಂದೆ ನಿಲ್ಲುತ್ತಾರೆ. ಪೆಟ್ರೋಲಿನ ಟ್ಯಾಂಕು ಕ್ಯಾಬಿನ್ನಿನ ಹಿಂದೆ, ಕೆಳಗೆ, ಚಾಸಿಗೆ, ಅಂದರೆ ಲಾರಿಯ ಅಡಿಯ ಚೌಕಟ್ಟಿಗೆ, ಕಟ್ಟಿದ್ದು. ಅದರ ಬಗಲಲ್ಲಿ ತಂಪಿನಲ್ಲಿ ಇರಬೇಕಾದದ್ದನ್ನು ಇಲ್ಲಿ ಒಲೆಯ ಮೇಲೆ ಕೂಡಿಸುತ್ತಿದ್ದಾರೆ.

ಮಿಸ್ತ್ರಿಯವರು ತಿಳಿಯದೆ ಮಾಡಿದ್ದಲ್ಲ. ಮೈದುನ ಸುಮ್ಮನೆ ಕೇಳಿದ್ದಕ್ಕೆ ಕಾರಣವನ್ನೂ ಕೊಟ್ಟರು. ಅವರ ಕಡೆ ಗಾಡಿಗಳು ಓಡಾಡುವುದು ಗದ್ದೆ ದಾರಿಯಲ್ಲಿ. ಕಾಲುವೆ ಒಡೆದರೆ ಗಾಲಿ ಮುಳುಗುವ ತನಕ ನೀರು, ಕೊಯ್ಲಿನಲ್ಲಿ ಚಾಸಿಗೆ ಹತ್ತುವ ಕೆಸರು. ಕರೆಂಟಿನ ಸಾಮಾನು ಯಾವುದೇ ಇರಲಿ, ಕೈ ಮೇಲೆತ್ತಿ ಹಾಕು ಎಂದು ಅವರ ಉಸ್ತಾದರು ಕಲಿಸಿದ್ದರಂತೆ. ಐವತ್ತು ವರ್ಷ ಹಾಗೇ ಹಾಕುತ್ತ ಬಂದಿದ್ದರು. ನೀರಾವರಿ ಊರಿನಲ್ಲಿ ಅದು ಜಾಣತನವೇ. ನಮ್ಮ ಒಣ ಊರುಗಳ ಲಾರಿ ಇದು ಎನ್ನುವುದು ಅವರಿಗೆ ಹೊಳೆಯಲಿಲ್ಲ. ಮೈದುನನಿಗೂ ಹೊಳೆಯಲಿಲ್ಲ, ಅವನು ಎಂದೂ ಆ ಮಗ್ಗುಲಿಗೆ ಇಳಿದವನಲ್ಲ.

ನನಗೆ ಹೊಳೆದಿತ್ತು. ಮಾತು ಬಾಯಿಗೆ ಬಂದಿತ್ತು. ನಾನು ಅದನ್ನು ನುಂಗಿದೆ.

ಹೆಂಗಸು ಹೇಳಿದರೆ ಯಾರು ಕೇಳುತ್ತಾರೆ ಎಂದು ನುಂಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಅವರು ಕೇಳುತ್ತಿದ್ದರು. ಈ ಪಂಪು ಸರಿಯಾಗಿ ನಡೆದರೆ ನಾನು ಮನೆಯಲ್ಲಿ ಉಳಿಯುತ್ತೇನೆ, ಕೆಟ್ಟರೆ ಮತ್ತೆ ಕರೆಯುತ್ತಾರೆ. ಅಷ್ಟು ಲೆಕ್ಕ ಆ ಸ್ಟೂಲಿನ ಮೇಲೆ ಕುಳಿತೇ ಮಾಡಿದೆ.

ತಿರುಗಿ ಬರುವಾಗ ಮೋಡ ಮುಸುಕಿತ್ತು. ಸಂಜೆಯ ತಂಪಿನಲ್ಲಿ ಲಾರಿ ಒಂದೇ ದಮ್ಮಿಗೆ ಕುಷ್ಟಗಿ ಸೇರಿತು. ಮೈದುನನಿಗೆ ಖುಷಿಯೋ ಖುಷಿ. ತಾವರಗೇರಾದಲ್ಲಿ ನಿಲ್ಲಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡ. ನಿಲ್ಲಿಸಿದ ಲಾರಿ ಮತ್ತೆ ಚಾಲೂ ಆದದ್ದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದ. ನಾನು ಸ್ನಾನ ಮಾಡಿ ಮಲಗಿದೆ.

ಹತ್ತು ದಿನದ ಮೇಲೆ ಯಲಬುರ್ಗಾದ ಆಚೆಯ ಹಳ್ಳಿಯೊಂದಕ್ಕೆ ಬಾಡಿಗೆ ಬಂತು. ಮದುವೆಯ ಹಿಂದಿನ ದಿನ ಸಂಜೆಯ ಊಟಕ್ಕೆ ಪಾತ್ರೆ ಬೇಕಿತ್ತು. ಪೆಂಡಾಲು ಮೊದಲೇ ಹೋಗಿತ್ತು. ನೆಗೆಣ್ಣಿ ಹಂಡೆಗೆ ಕುಂಕುಮ ಹಚ್ಚಿದಳು. ಹನ್ನೊಂದರ ಹೊತ್ತಿಗೆ ಮೈದುನ ಒಬ್ಬನೇ ಹೊರಟ. ಲಾರಿ ಓಣಿ ತಿರುಗುವ ತನಕ ನಾನು ಕಿಟಕಿಯಲ್ಲಿ ನಿಂತಿದ್ದೆ. ಆಮೇಲೆ ಕೆಲಸವಿಲ್ಲದ ಕೈಯಿಂದ ಅಕ್ಕಿ ಆರಿಸಲು ಕುಳಿತೆ. ಕಿವಿ ಮಾತ್ರ ಫೋನಿನ ಕಡೆ ಇತ್ತು.

ಒಂದೂವರೆಗೆ ಫೋನು ಬಂತು. ಅವನ ದನಿ ಸಣ್ಣಗಾಗಿತ್ತು. ದೊಡ್ಡ ಏರಿನ ನಡುವೆ ನಿಂತಿದೆ, ಪಂಪು ಬರಿದೇ ಟಿಕ್ ಟಿಕ್ ಎನ್ನುತ್ತದೆ, ಪೆಟ್ರೋಲು ಬರುತ್ತಿಲ್ಲ, ತಾಸಿನ ಮೇಲಾಯಿತು ಎಂದ. ನೀರಿದೆಯಾ ಎಂದು ಕೇಳಿದೆ. ಕುಡಿಯುವ ಬಾಟಲಿಯನ್ನು ಅದರ ಮೇಲೆಯೇ ಸುರಿದೆ ಎಂದ. ಅವನಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನದ ಗುಳಿಗೆಯ ಡಬ್ಬಿ ಗೂಡಿನಲ್ಲೇ ಉಳಿದಿದ್ದು ಆಗ ನನ್ನ ಕಣ್ಣಿಗೆ ಬಿತ್ತು.

ಎರಡು ಕ್ಯಾನು ನೀರು, ಒಂದಿಷ್ಟು ಹಳೆ ಅರಿವೆ, ಗುಳಿಗೆ, ಬುತ್ತಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಯಲಬುರ್ಗಾ ಬಸ್ಸು ಸಿಗುವುದರಲ್ಲಿ ಅರ್ಧ ತಾಸು ಹೋಯಿತು. ಏರಿನಲ್ಲಿ ಇಳಿಸಿ ಎಂದರೆ ಕಂಡಕ್ಟರು ನನ್ನನ್ನೂ ಕ್ಯಾನುಗಳನ್ನೂ ನೋಡಿ, ಅಲ್ಲಿ ಯಾವ ಊರಿದೆ ಎಂದು ಕೇಳಿದ.

ಲಾರಿ ರಸ್ತೆಯ ಅಂಚಿಗೆ ವಾಲಿ ನಿಂತಿತ್ತು. ಹೊರಗೆ ಯಾರೂ ಕಾಣಲಿಲ್ಲ. ಹತ್ತಿರ ಹೋದಾಗ, ಲಾರಿಯ ಕೆಳಗಿನ ನೆರಳಿನಲ್ಲಿ ಎರಡು ಕಾಲು ಕಂಡವು. ಅವನು ಅಂಗಾತ ಮಲಗಿದ್ದ, ಒಂದು ಕೈ ಎದೆಯ ಮೇಲಿತ್ತು. ಅಣ್ಣತಮ್ಮಂದಿರ ಕಾಲು ಒಂದೇ ತರಹ, ಉದ್ದ ಬೆರಳು. ನನ್ನ ಕೈಯ ಕ್ಯಾನು ಜಾರಿತು. ಅದರ ಸದ್ದಿಗೆ ಅವನು ಕಣ್ಣು ಬಿಟ್ಟ. ಆ ನಡುವಿನ ಒಂದು ಗಳಿಗೆಯಲ್ಲಿ ನನಗೆ ಏನೇನು ಕಂಡಿತೋ ಅದನ್ನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಅವನಿಗೆ ನೀರು ಕುಡಿಸಿ, ರೊಟ್ಟಿ ತಿನ್ನಿಸಿ, ಗುಳಿಗೆ ಕೊಟ್ಟೆ. ಆಮೇಲೆ ಪಂಪಿನ ವೈರು ಇರುವ ತಲೆ ಬಿಟ್ಟು ಕೆಳಭಾಗಕ್ಕೂ ಪೈಪಿಗೂ ಅರಿವೆ ಸುತ್ತಿ, ಸ್ವಲ್ಪ ಸ್ವಲ್ಪವೇ ತೋಯಿಸಿದೆ. ಅರ್ಧ ತಾಸಿಗೆ ಎಂಜಿನ್ನು ಹಿಡಿಯಿತು, ಮುಂದೆಯೂ ಏರು ಬಂದಲ್ಲೆಲ್ಲ ನಿಂತು ತೋಯಿಸುತ್ತ ಹೋಗಬೇಕಾಯಿತು.

ಮದುವೆ ಮನೆ ಮುಟ್ಟಿದಾಗ ಕತ್ತಲಾಗಿತ್ತು. ಅವರು ಮಠದ ಪಾತ್ರೆ ತಂದು ಅಡುಗೆ ಮುಗಿಸಿದ್ದರು. ಪಂಕ್ತಿ ಎದ್ದಿತ್ತು. ಅಡುಗೆಯ ಮುಖಂಡ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ಲಾರಿಯೊಳಗೆ ಇಣುಕಿದ. "ಏನ್ರಿ ಸಾವ್ಕಾರ್ರ, ಎಲ್ಲಾರೂ ಉಂಡ ಮ್ಯಾಲೆ ಬಂದೀರಲ್ಲ, ಪಾತ್ರಿ ತೊಳಸ್ಕೊಂಡು ಹೋಗಾಕ ಬಂದ್ರೇನು?" ಎಂದ. ಸುತ್ತಲಿದ್ದವರು ನಕ್ಕರು. ಮೈದುನ ತಲೆ ತಗ್ಗಿಸಿ ಹಗ್ಗ ಬಿಚ್ಚತೊಡಗಿದ. ಅಂಗಡಿ ಶುರುವಾದ ಮೇಲೆ ಊಟದ ಹೊತ್ತು ತಪ್ಪಿಸಿದ್ದು ಅದೇ ಮೊದಲು. ನಾನು ಕ್ಯಾಬಿನ್ನಿನಲ್ಲಿ ಕುಳಿತೇ ಇದ್ದೆ.

ತಿರುಗಿ ಬರುವಾಗ ಗಾಳಿ ತಣ್ಣಗಾಗಿತ್ತು, ಪಂಪಿನ ತಂಟೆ ಇರಲಿಲ್ಲ. ನಾನೇ ಹೇಳಿದೆ.

"ಅಲ್ಲಿ ಕೂಡಿಸಿದ್ರ ಕಾಯತೈತಿ ಅಂತ ನನಗ ಅವತ್ತ ಗೊತ್ತಿತ್ತು."

ಅವನು ರಸ್ತೆಯನ್ನೇ ನೋಡುತ್ತಿದ್ದ. "ಮತ್ತ ಯಾಕ ಅನಲಿಲ್ಲ?"

"ಅದು ಛಲೋ ನಡದ್ರ ನಾನು ಮನ್ಯಾಗ ಉಳೀತಿದ್ನಿ."

ಎದುರಿಗೆ ಒಂದು ಬಸ್ಸು ಬಂದು ಹೋಯಿತು. ಅವನು ಗೇರು ಬದಲಿಸಿದ. "ಬಿಸಲಾಗ ಸಾಯ್ತಿದ್ನಿ ವೈನಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದ. "ಬರಬೇಕಂತಿದ್ರ ಬರ್ತೀನಿ ಅನಬೇಕಿತ್ತು. ನಾನೇನ ಬ್ಯಾಡ ಅಂತಿದ್ನೇನು?"

"ಯಾವ ಹೆಸರಿಲೆ ಬರ್ಲಿ?"

ಮುಂದೆ ಕುಷ್ಟಗಿಯ ದೀಪಗಳು ಕಂಡವು.

ಮರುವಾರ ಮತ್ತೆ ಗಂಗಾವತಿಗೆ ಹೋದೆವು. ಈ ಸಲ ಸ್ಟೂಲು ಹಾಕಿದರೂ ನಾನು ಕೂಡಲಿಲ್ಲ. ಟ್ಯಾಂಕಿನ ಬಗಲಲ್ಲಿ, ಚಾಸಿಯ ಒಳಮಗ್ಗುಲಿಗೆ ಕೈ ಇಟ್ಟು, ಇಲ್ಲಿ ಕೂಡಿಸಿಕೊಡಿ ಎಂದೆ. ಮಿಸ್ತ್ರಿಯವರು ಕನ್ನಡಕ ಸರಿಮಾಡಿಕೊಂಡರು.

"ಅಷ್ಟು ಕೆಳಗ? ನೀರು ಹೊಕ್ಕರ ಏನ್ಮಾಡ್ತೀ ತಂಗಿ?"

"ಚಾಚಾ, ನಮ್ಮ ಕಡಿ ಕುಡ್ಯಾಕ ನೀರು ಬರೂದ ವಾರಕ್ಕೊಮ್ಮೆ. ಚಾಸಿಗೆ ಎಲ್ಲಿಂದ ಬರಬೇಕು?"

ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ಗಡ್ಡ ಅಲ್ಲಾಡುವಂತೆ ನಕ್ಕರು. ನಗು ನಿಂತ ಮೇಲೆ ಕಬ್ಬಿಣದ ಗೋಡೆಗೆ ಅಂಗೈ ಹಚ್ಚಿದರು. ಲಾರಿ ಆಗತಾನೇ ಬಂದು ನಿಂತಿತ್ತು. ಥಟ್ಟನೆ ಕೈ ಹಿಂದೆ ತೆಗೆದು ಪೈಜಾಮಕ್ಕೆ ಒರೆಸಿಕೊಂಡರು. ತಪ್ಪು ನನ್ನದು ಎಂದು ತಾವೇ ಒಪ್ಪಿಕೊಂಡರು. ಅವತ್ತೇ ಒಂದು ಮಾತು ಅಂದಿದ್ದರೆ ಎರಡು ಸಲ ಬಿಚ್ಚುವುದು ತಪ್ಪುತ್ತಿತ್ತಲ್ಲ ಎಂದೂ ಅಂದರು. ಅವತ್ತು ಹೇಳಲಾಗಲಿಲ್ಲ ಎಂದೆ. ಮೈದುನ ಆ ಕಡೆ ತಿರುಗಿ ನಿಂತಿದ್ದ.

ಪಂಪನ್ನು ಕೆಳಗಿಳಿಸಿ, ಟ್ಯಾಂಕಿನ ತಳಕ್ಕೆ ಸರಿಸಮ ಬಿಗಿದು, ಕಲ್ಲು ಸಿಡಿಯದಂತೆ ತಗಡಿನ ಮರೆ ಕಟ್ಟಿದರು. ಪೈಪನ್ನು ಹೊಗೆ ಕೊಳವೆಯಿಂದ ದೂರ ಹಾಯಿಸಿದರು. ವೈರು ಉದ್ದ ಎಳೆಯಬೇಕಾಗಿ ಬಂದು ಸಂಜೆಯಾಯಿತು. ಕೀಲಿ ತಿರುಗಿಸಿದಾಗ ಹಿಂದಿನಿಂದ ಟಿಕ್ ಟಿಕ್ ಕೇಳಿಸಿತು. ಕಾರ್ಬುರೇಟರ್ ತುಂಬಿದ ಮೇಲೆ ತಾನಾಗಿಯೇ ನಿಂತಿತು. ಮುಂದಿನ ದಿನಗಳಲ್ಲಿ ಮೈದುನ ಮಧ್ಯಾಹ್ನದ ಬಿಸಿಲಿನಲ್ಲೇ ಎರಡು ಸಲ ಆ ದೊಡ್ಡ ಏರಿಗೆ ಹೋಗಿ ಬಂದ. ಎಲ್ಲೂ ನಿಲ್ಲಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ನಾನೇ ಕೈ ಇಟ್ಟು ತೋರಿಸಿ ಮುಗಿಸಿದ್ದರಿಂದ ಯಾರನ್ನೂ ಅನ್ನುವಂತಿರಲಿಲ್ಲ.

ಆಮೇಲೆ ಬಂದದ್ದು ಅಳವಂಡಿಯ ಬಾಡಿಗೆ. ಆ ದಿನ ಬೆಳಿಗ್ಗೆ ಸಾಮಾನು ಏರುವಾಗ ನಾನು ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದೆ. ಲಾರಿ ಚಾಲೂ ಆದ ಸದ್ದು ಬಂತು. ಮೈದುನ ನನ್ನನ್ನು ಕರೆಯಲಿಲ್ಲ. ಆದರೆ ಹೊರಡಲೂ ಇಲ್ಲ. ಎಂಜಿನ್ನು ನಿಂತಲ್ಲೇ ಉರಿಯುತ್ತಿತ್ತು, ಪೆಟ್ರೋಲು ಸುಮ್ಮನೆ ಹೋಗುತ್ತಿತ್ತು. ಕೊನೆಯ ಸೀರೆಯನ್ನು ಹಿಂಡಿ ತಂತಿಯ ಮೇಲೆ ಹಾಕಿದೆ. ಹೋಗಬೇಕೆಂಬ ಹಂಬಲವೇನೂ ಆಗ ಇರಲಿಲ್ಲ. ಮೈಯೆಲ್ಲ ಭಾರವಾಗಿತ್ತು. ಮಲಗಿದರೆ ನಿದ್ದೆ ಬರುವಂತಿತ್ತು. ಆದರೂ ಕೈ ಒರೆಸಿಕೊಂಡು ಪಡಸಾಲೆಗೆ ಬಂದೆ.

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಈಗ ಪಂಪಿಗೆ ನೀರು ಬೇಕಿಲ್ಲಂತಲ್ಲ. ಎಲ್ಲಿಗೆ ಹೊಂಟಿ?"

"ಅಳವಂಡಿಗೆ," ಎಂದೆ.

ಅವರು ಇನ್ನೂ ಏನಾದರೂ ಹೇಳುತ್ತಾರೆಂದು ಹೊಸ್ತಿಲಲ್ಲಿ ನಿಂತೆ. ಅವರು ಮತ್ತೆ ಬತ್ತಿ ಕೈಗೆತ್ತಿಕೊಂಡರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಮೈದುನ ನನ್ನ ಸೀಟಿನ ಮೇಲಿದ್ದ ಹಗ್ಗದ ಸುರುಳಿ ಎತ್ತಿ ಕೆಳಗಿಟ್ಟ.

ದಾರಿಯುದ್ದಕ್ಕೂ ಒಂದು ಸಲವೂ ಇಳಿಯಲಿಲ್ಲ. ಸುಮ್ಮನೆ ಕೂಡುವುದು ಇಷ್ಟು ದಣಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೊಪ್ಪಳ ದಾಟುವ ತನಕ ಕೈಗಳನ್ನು ಎಲ್ಲಿ ಇಡಬೇಕೋ ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ದವಾಖಾನೆಯ ಮುಂದೆ ಹಾಯುವಾಗ ಇಬ್ಬರೂ ಆ ಕಡೆ ನೋಡಲಿಲ್ಲ.

ಅಳವಂಡಿಯ ಮದುವೆ ಮನೆಯ ಮುಂದೆ ಲಾರಿ ನಿಂತಾಗ ನಡುಮಧ್ಯಾಹ್ನ. ಕಾಲು ಜೋಮು ಹಿಡಿದಿದ್ದವು. ಬಾಗಿಲು ತೆಗೆದು ಇಳಿದೆ. ಮೈದುನ ಆ ಕಡೆಯಿಂದ ನೋಡಿದ, ಆಮೇಲೆ ಹಿಂದಿನ ಹಲಗೆ ಬಿಚ್ಚಲು ಹೋದ. ಮನೆಯ ಹಿರಿಯ ಹೆಂಗಸು, ಮದುಮಗಳ ಸೋದರತ್ತೆ ಎಂದು ಆಮೇಲೆ ತಿಳಿಯಿತು, ಆರತಿ ತಟ್ಟೆ ಹಿಡಿದು ಹಂಡೆ ಬರಮಾಡಿಕೊಳ್ಳಲು ಹೊರಗೆ ಬಂದಳು. ನನ್ನ ಹಣೆ ನೋಡಿ ನಿಂತಳು. ತಟ್ಟೆಯನ್ನು ನನ್ನ ಕಡೆ ಇದ್ದ ಕೈಯಿಂದ ಆ ಕಡೆಯ ಕೈಗೆ ಬದಲಿಸಿದಳು. ನಾನು ಹಿಂದೆ ಸರಿಯಲಿಲ್ಲ. ಸರಿಯುವಷ್ಟು ಶಕ್ತಿಯೂ ಇರಲಿಲ್ಲ.

"ಪಾತ್ರಿ ತಂದವ್ರೇನು?" ಎಂದು ಕೇಳಿದಳು.

"ಹೌದ್ರಿ. ಒಲಿ ಎಲ್ಲಿ ಹೂಡ್ಯಾರ?"

ಅವಳು ಖಾಲಿ ಕೈ ಚಾಚಿ ಮನೆಯ ಹಿಂದಿನ ಬೇವಿನ ಮರದ ಕಡೆ ತೋರಿಸಿದಳು. ನಾನು ಆ ಕಡೆ ನಡೆದೆ. ದೊಡ್ಡ ಹಂಡೆಯನ್ನು ಯಾವ ಒಲೆಯ ಮೇಲೆ ಇಡಬೇಕು, ಬೋಗುಣಿಗಳನ್ನು ಎಲ್ಲಿ ಬೋರಲು ಹಾಕಬೇಕು ಎಂದು ಹೊತ್ತು ತರುವವರಿಗೆ ಹೇಳುತ್ತ, ಎಲ್ಲ ಇಳಿಯುವ ತನಕ ಅಲ್ಲೇ ನಿಂತಿದ್ದೆ.